ಮುಂದಿನ ಭೇಟಿ

ಐದು ನಿಮಿಷದ ಕೆಲಸ ಎಂದು ಹೇಳಿ ಸಾಹೇಬರು ಎದ್ದು ಹೋಗಿ ಅರ್ಧ ಗಂಟೆಯಾಗಿತ್ತು. ಅವನಿನ್ನೂ ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ. ಮೇಜಿನ ಮೇಲೆ ಹಳದಿ ರಟ್ಟಿನ ಕಡತ, ಅದರೊಳಗೆ ಕೊನೆಯ ಭೇಟಿಯ ಒಂದೇ ಒಂದು ಹಾಳೆ. ಹಾಳೆಯ ಮುಂಬದಿಯಲ್ಲಿ ಹೊಗೆ ಅಲಾರಮ್ಮಿನ ವಿವರ: ಮನೆಗೆ ಎಷ್ಟು ಕೋಣೆ, ಎಲ್ಲಿ ಹಾಕಿದ್ದು, ಒತ್ತಿ ನೋಡಿದಾಗ ಕೂಗಿತೇ ಇಲ್ಲವೇ. ಅದೆಲ್ಲ ಅವನದೇ ಕೈಬರಹದಲ್ಲಿ ಪೂರ್ತಿ ತುಂಬಿತ್ತು. ಹಿಂಬದಿಯ ನೆತ್ತಿಯಲ್ಲಿ 'ಮನೆಯವರ ಕ್ಷೇಮ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು, ಅದರ ಕೆಳಗೆ ಒಂಬತ್ತು ಪ್ರಶ್ನೆಗಳು, ಒಂಬತ್ತರ ಮುಂದೆಯೂ ಖಾಲಿ. ಒಬ್ಬರೇ ಇರುತ್ತಾರೆಯೇ. ಈ ವರ್ಷ ಮನೆಯೊಳಗೆ ಬಿದ್ದಿದ್ದಾರೆಯೇ. ಕಳೆದ ವಾರ ಮನೆಗೆ ಯಾರು ಬಂದಿದ್ದರು. ಬೆಂಕಿಗೂ ಇದಕ್ಕೂ ಏನು ಸಂಬಂಧ ಎಂದು ಈ ಹಾಳೆ ಮೊದಲ ಸಲ ಬಂದಾಗ ಅಗ್ನಿಶಾಮಕ ಸ್ಟೇಷನ್ನಿನಲ್ಲಿ ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ಸಾಹೇಬರು ನಗಲಿಲ್ಲ. "ಬೆಂಕಿ ಬಿದ್ಮೇಲೆ ಹೋಗೋದು ಅರ್ಧ ಕೆಲಸ ಕಣ್ರಿ. ಜನ ಪೊಲೀಸರಿಗೆ ಬಾಗಿಲು ತೆಗೆಯೋಕೆ ಹಿಂದೆಮುಂದೆ ನೋಡ್ತಾರೆ, ನಮಗೆ ಮಾತ್ರ ತೆಗೀತಾರೆ. ಒಳಗೆ ಹೋದೋರು ಬರೀ ಚಾವಣಿ ನೋಡ್ಕೊಂಡು ಬಂದ್ರೆ ಹೇಗೆ?" ಎಂದಿದ್ದರು. ಹಿಂಬದಿಯ ಉತ್ತರ ನೋಡಿಯೇ ಯಾರ ವಿಷಯ ಆಸ್ಪತ್ರೆಯ ನರ್ಸಿಗೆ ತಿಳಿಸಬೇಕು, ಯಾರ ಮನೆಗೆ ತಿಂಗಳೊಳಗೆ ಮತ್ತೆ ಹೋಗಬೇಕು ಎಂಬುದು ತೀರ್ಮಾನವಾಗುತ್ತಿತ್ತು. ಹಿಂಬದಿ ಖಾಲಿಯಿದ್ದರೆ ಆ ಮನೆಯವರಿಗೆ ಏನೂ ಬೇಡ ಎಂದರ್ಥ.

"ನಾಳೆ ಮೇಲಿನೋರು ಬರ್ತಾರೆ," ಎಂದಿದ್ದರು ಸಾಹೇಬರು, ಬಾಗಿಲನ್ನು ಅರ್ಧ ಮುಚ್ಚಿಕೊಂಡು. "ನಾವು ಹೋಗಿ ಬಂದ ಮನೇಲಿ ಸಾವಾದ್ರೆ ಕಡತ ನೋಡೋದು ರೂಢಿ. ಹೆದರೋ ಅಂಥದ್ದೇನಿಲ್ಲ. ಹಿಂದ್ಗಡೆ ಖಾಲಿ ಬಿಟ್ಟಿದ್ದೀರಿ, ತುಂಬಿಬಿಡಿ. ತಾರೀಖು ಅವತ್ತಿಂದೇ ಹಾಕಿ. ಆಮೇಲೆ, ಆ ಅಮ್ಮನ ಅಣ್ಣನ ಮಗಳು ಫೋನ್ ಮಾಡಿದ್ರು. ಇವತ್ತು ಮನೆ ಖಾಲಿ ಮಾಡ್ತಾರಂತೆ. ಅಲಾರಂ ನಮ್ಮದು, ಬಿಚ್ಕೊಂಡು ಬನ್ನಿ." ಸಾಹೇಬರದು ಕೆಟ್ಟ ಮನಸ್ಸಲ್ಲ. ಇಪ್ಪತ್ತೆಂಟು ವರ್ಷ ದುಡಿದವನ ತಲೆ ಒಂದು ಖಾಲಿ ಹಾಳೆಗಾಗಿ ಉರುಳಬಾರದು ಎಂದಷ್ಟೇ ಅವರ ಆಸೆ. ಅದು ಗೊತ್ತಿದ್ದುದರಿಂದಲೇ ಅವನಿಗೆ ಅವರ ಮುಖ ನೋಡಲಾಗಿರಲಿಲ್ಲ. ಪೆನ್ನನ್ನು ಜೇಬಿಗೆ ಸೇರಿಸಿ, ಮಡಚುವ ಏಣಿಯನ್ನು ಹೆಗಲಿಗೇರಿಸಿಕೊಂಡು ಹೊರಟ.

ಹೊರಗೆ ಹುಡುಗರು ಗಾಡಿ ತೊಳೆಯುತ್ತಿದ್ದರು. ಮದುವೆಯಾಗಿ ಮಕ್ಕಳಿದ್ದರೂ ಅವನ ಲೆಕ್ಕದಲ್ಲಿ ಅವರೆಲ್ಲ ಹುಡುಗರೇ. ಮನೆ ಮನೆಗೆ ಬ್ಯಾಟರಿ ಹಾಕುವ ಅವನನ್ನು ಕಂಡರೆ ಸಾಕು, "ಏನ್ ಬ್ಯಾಟರಿ, ಚಾರ್ಜ್ ಇದೆಯಾ?" ಎನ್ನುವವರು ಇವತ್ತು ಬಾಯಿ ಬಿಡಲಿಲ್ಲ. ಡ್ರೈವರ್ ಮಾತ್ರ ನಲ್ಲಿ ನಿಲ್ಲಿಸಿ, "ಏಣಿ ಭಾರ ಇದೆ, ಬಿಟ್ಟು ಬರ್ಲಾ?" ಎಂದು ಕೇಳಿದ. ಈ ಮರ್ಯಾದೆಗಿಂತ ಹಂಗಿಸಿದ್ದರೆ ಚೆನ್ನಾಗಿತ್ತು; ಬೇಡವೆಂದು ಕೈಯಾಡಿಸಿ ನಡೆದ. ಮೂರು ವರ್ಷದ ಹಿಂದೆ ಮಹಡಿಯ ಮೆಟ್ಟಿಲು ಕುಸಿದು ಮಂಡಿ ಚಿಪ್ಪು ಒಡೆದ ಮೇಲೆ ಅವನನ್ನು ಗಾಡಿಯಿಂದ ಇಳಿಸಿ ಮನೆ ಭೇಟಿಗೆ ಹಾಕಿದ್ದರು. ಅಂದಿನಿಂದ ಬೀದಿ ಬೀದಿ ಸುತ್ತುವುದು, ಬಾಗಿಲು ತಟ್ಟುವುದು, ಒಲೆಯ ಹಿಂದಿನ ವೈರು ಮುಟ್ಟಿ ನೋಡುವುದು, ಮಂಚದ ಪಕ್ಕದ ಹೀಟರನ್ನು ದೂರ ಸರಿಸಿ ಬುದ್ಧಿ ಹೇಳುವುದು, ಅಲಾರಂ ಹಾಕುವುದು. ಅವನು ಹೋಗಿ ಬಂದ ಬೀದಿಗಳಲ್ಲಿ ಬೆಂಕಿ ಕಡಿಮೆಯಾಗಿತ್ತು; ಆಗದೇ ಹೋದ ಬೆಂಕಿಗೆ ಚಪ್ಪಾಳೆ ತಟ್ಟುವವರು ಯಾರು? ಸೈರನ್ ಕೂಗಿದಾಗ ಈಗಲೂ ಅವನ ಕಾಲು ತಾನಾಗಿ ನೆಲ ಒದ್ದು ಏಳುತ್ತದೆ, ಆಮೇಲೆ ಮಂಡಿ ನೆನಪು ಮಾಡಿಕೊಡುತ್ತದೆ, ಮತ್ತೆ ಕೂರುತ್ತಾನೆ. ಇದನ್ನು ಯಾರೂ ಕಂಡಿಲ್ಲ ಎಂದುಕೊಂಡಿದ್ದ. ಈಗ ಖಾಲಿಯಾಗುತ್ತಿರುವ ಆ ಮನೆಯ ಆಪರೇಟರಮ್ಮ ಮಾತ್ರ ಕಂಡಿದ್ದರು. ಎರಡನೆಯ ಸಲವೋ ಮೂರನೆಯ ಸಲವೋ ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ದೂರದಲ್ಲಿ ಗಾಡಿ ಕೂಗಿಕೊಂಡು ಹೋಯಿತು. ಇಬ್ಬರೂ ಒಟ್ಟಿಗೇ ಲೋಟ ಕೆಳಗಿಟ್ಟರು. ಒಬ್ಬರನ್ನೊಬ್ಬರು ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಆ ಕಟ್ಟಡಕ್ಕೆ ಲಿಫ್ಟಿಲ್ಲ. ಮೂರನೆಯ ಮಹಡಿಗೆ ಐವತ್ತನಾಲ್ಕು ಮೆಟ್ಟಿಲು. ಮಂಡಿ ಒಂದೊಂದನ್ನೂ ಎಣಿಸಿಕೊಂಡೇ ಹತ್ತುತ್ತದೆ. ಗೋಡೆಯ ಹಸಿರು ಬಣ್ಣ ಸೊಂಟದೆತ್ತರಕ್ಕೆ ಜನರ ಕೈ ತಾಗಿ ತಾಗಿ ಕಪ್ಪಾಗಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ ಸುಧಾರಿಸಿಕೊಳ್ಳಲು ನಿಂತ. ಮೊದಲ ಸಲ ಬಂದಾಗಲೂ ಇಲ್ಲೇ ನಿಂತಿದ್ದ. ಮೇಲಿನಿಂದ ಒಂದು ದನಿ, "ಯಾರದು? ಯಾವ ಬೀದಿ? ಯಾವ ಮನೆ ಬೇಕಾಗಿತ್ತು?" ಎಂದು ಕೇಳಿತ್ತು. ಕೇಳಿದ ರೀತಿಗೆ ಅವನು ಶಾಲೆಯ ಹುಡುಗನ ಹಾಗೆ ಎಲ್ಲವನ್ನೂ ಒಪ್ಪಿಸಿದ್ದ. "ಅಗ್ನಿಶಾಮಕದಿಂದ, ಮೂರನೇ ಮಹಡಿ, ಎಡಗಡೆ ಮನೆ, ಅಲಾರಂ ಹಾಕೋಕೆ. ಸರಿಯಾ?" ಎಂದು ದನಿ ಅವನ ಮಾತನ್ನೇ ತಿರುಗಿ ಹೇಳಿತು. ಸರಿ ಎಂದ ಮೇಲೆಯೇ ಸರಪಳಿ ತೆಗೆದ ಸದ್ದು. ಬಾಗಿಲಲ್ಲಿ ಎಪ್ಪತ್ತು ದಾಟಿದ, ಕಡ್ಡಿಯಂಥ ಹೆಂಗಸು. "ನಿಮ್ಮ ಸ್ಟೇಷನ್ನಿಗೆ ಮೂವತ್ತು ವರ್ಷ ಕರೆ ಕೊಟ್ಟೋಳು ನಾನು. ಟೆಲಿಫೋನ್ ಆಪರೇಟರ್. ನಿಮ್ಮಲ್ಲಿ ಒಬ್ಬರ ಮುಖಾನೂ ನೋಡಿರ್ಲಿಲ್ಲ. ಬಾಪ್ಪಾ ಒಳಗೆ, ಇವತ್ತು ನೋಡಿದ ಹಾಗಾಯ್ತು," ಎಂದಿದ್ದರು. ಏನು ಹೇಳಿದರೂ ತಿರುಗಿ ಹೇಳಿ 'ಸರಿಯಾ?' ಎಂದು ಕೇಳುವುದು ಅವರ ಹಳೆಯ ಕಸುಬಿನ ಚಾಳಿ. ಒಂದು ಮನೆ ನಂಬರ್ ತಪ್ಪಿದರೆ ಒಂದು ಜೀವ ಹೋಗುತ್ತಲ್ಲಪ್ಪ, ಎನ್ನುತ್ತಿದ್ದರು.

ಆಮೇಲೆ ಫೋನ್ ಶುರುವಾಯಿತು. ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆ, ಮಂಗಳವಾರ, ಹನ್ನೊಂದು ಗಂಟೆ. ತುರ್ತು ನಂಬರಿಗಲ್ಲ, ಅದನ್ನು ಅವರು ಮುಟ್ಟುತ್ತಿರಲಿಲ್ಲ; ಆಫೀಸಿನ ನಂಬರಿಗೆ, ಆಫೀಸಿನ ಹೊತ್ತಿನಲ್ಲಿ. ಅಲಾರಂ ಕೀಚ್ ಕೀಚ್ ಅಂತಿದೆ ಕಣಪ್ಪ, ಬ್ಯಾಟರಿ ಮುಗಿದಿರಬೇಕು. ಅವನು ಹೋಗುತ್ತಿದ್ದ, ಏಣಿ ಹತ್ತಿ ಸತ್ತ ಬ್ಯಾಟರಿ ತೆಗೆದು ಹೊಸದು ಹಾಕುತ್ತಿದ್ದ. ಚೀಲದಲ್ಲಿ ಹೊಸದರೊಂದಿಗೆ ಬೆರೆಯದಿರಲೆಂದು ಸತ್ತದ್ದರ ಮೈಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುವುದು ಅವನ ಪದ್ಧತಿ. ಅದು ಇಲ್ಲೇ ಇರ್ಲಿ ಬಿಡು, ನಾನೇ ಕಸಕ್ಕೆ ಹಾಕ್ತೀನಿ, ಎಂದು ಅವರು ಇಸಿದುಕೊಳ್ಳುತ್ತಿದ್ದರು. ಆಮೇಲೆ ಚಹಾ, ಬಿಸ್ಕತ್ತು, ಒಂದೂವರೆ ಗಂಟೆ ಮಾತು. ಅವರಿಗೆ ತಿಳಿಯಬೇಕಾದದ್ದು ಒಂದೇ: ಆಮೇಲೆ ಏನಾಯಿತು? ಕೂಗುವ ಜನರ ಬಾಯಿಂದ ಬೀದಿಯ ಹೆಸರು ಹೊರಡಿಸಿ, ಟೆಲಿಫೋನ್ ಹಲಗೆಯಲ್ಲಿ ಸ್ಟೇಷನ್ನಿಗೆ ತಂತಿ ಚುಚ್ಚಿ, 'ಗಾಡಿ ಹೊರಟಿತು' ಎಂಬ ಮಾತು ಕೇಳಿದ ಕೂಡಲೇ ತಂತಿ ಕೀಳಬೇಕಿತ್ತು. ಮುಂದಿನ ಕರೆ ಕಾಯುತ್ತಿರುತ್ತದೆ. ಮೂವತ್ತು ವರ್ಷದಲ್ಲಿ ಒಂದು ಬೆಂಕಿಯೂ ಅವರಿಗೆ ಆರಿರಲಿಲ್ಲ. "ಗೋದಾಮಿನ ಹಿಂದಿನ ಮನೆ. ಒಬ್ಬಳು ತಾಯಿ, ಮಗು ಒಳಗಿದೆ ಅಂತ. ಆ ಮಗು ಉಳೀತಾ?" ಎಂದು ಕೇಳಿದರು ಒಂದು ದಿನ. ಅವನ ಕೆಲಸದ ಮೊದಲ ವರ್ಷ ಅದು, ಆ ಗಾಡಿಯಲ್ಲಿ ಅವನಿದ್ದ. ಮಗುವನ್ನು ಹೊರಗೆ ತಂದವನು ಅವನೇ, ತಂದದ್ದಷ್ಟೇ. "ಉಳೀತಮ್ಮ," ಎಂದ. "ಈಗ ದೊಡ್ಡೋನಾಗಿರ್ತಾನೆ." ಅವರು ಅವನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು. ಮುಂದಿನ ಸಲ ಅವನು ಏಣಿಯ ಮೇಲಿದ್ದಾಗ ಕೆಳಗಿನಿಂದ ಮೆಲ್ಲಗೆ ಅಂದರು: "ನಾನು ಮಾರನೇ ದಿನ ಪೇಪರ್ ಓದಿದ್ದೆ ಕಣಪ್ಪ, ಆ ಮಗೂದು. ಆದ್ರೂ ನಿನ್ನ ಬಾಯಲ್ಲಿ ಕೇಳೋಕೆ ಚೆನ್ನಾಗಿತ್ತು." ಕೆಳಗಿಳಿಯಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಬಾಗಿಲು ತೆರೆದೇ ಇತ್ತು. ಹಾಲಿನ ತುಂಬ ರಟ್ಟಿನ ಪೆಟ್ಟಿಗೆಗಳು, ಗೋಡೆಯಲ್ಲಿ ಚಿತ್ರ ತೆಗೆದ ಜಾಗದಲ್ಲಿ ಬಿಳಿ ಚೌಕ. ನಲವತ್ತು ಮೀರಿದ ಹೆಂಗಸೊಬ್ಬಳು ತಲೆಗೆ ಬಟ್ಟೆ ಕಟ್ಟಿಕೊಂಡು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ಅವನನ್ನು, ಅವನ ಏಣಿಯನ್ನು ನೋಡಿದವಳೇ ಕೈ ಒರೆಸಿಕೊಂಡು ಎದ್ದಳು. "ಬನ್ನಿ, ಬನ್ನಿ. ನೀವೇ ಅಲ್ವಾ? ಅತ್ತೆ ಫೋನಲ್ಲಿ ಹೇಳ್ತಾನೇ ಇರೋರು, ನಮ್ಮ ಬೆಂಕಿಯೋನು ಬಂದಿದ್ದ, ನಮ್ಮ ಬೆಂಕಿಯೋನು ಹೀಗಂದ ಅಂತ." ಕೂರಲು ಕುರ್ಚಿಯ ಮೇಲಿನ ಬಟ್ಟೆಗಂಟನ್ನು ಎತ್ತಿದಳು. ಅವನು ಕೂರಲಿಲ್ಲ. ಕುರ್ಚಿಯ ಪಕ್ಕದಲ್ಲಿ ಗೋಡೆಗೆ ಒತ್ತಿಕೊಂಡು ಸ್ಟೂಲು ನಿಂತಿತ್ತು. ಮೂರು ಕಾಲಿನ ಎತ್ತರದ ಸ್ಟೂಲು. ಅದನ್ನು ಅವನು ಎಷ್ಟು ಸಲ ನೋಡಿಲ್ಲ, ಫೋನಿಟ್ಟಿದ್ದ ಸ್ಟೂಲದು. ಹನ್ನೆರಡು ದಿನದ ಹಿಂದೆ ಕೆಳಗಿನ ಮನೆಯ ದರ್ಜಿ, ಬಾಗಿಲ ಮುಂದೆ ಮೂರು ದಿನದ ಪೇಪರ್ ಬಿದ್ದಿದ್ದನ್ನು ಕಂಡು ಬೀಗ ಒಡೆಸಿದಾಗ ಇದು ನೆಲದ ಮೇಲೆ ಮಗುಚಿಕೊಂಡಿತ್ತು. ಪಕ್ಕದಲ್ಲಿ ಅವರು. ಮೇಜಿನ ಮೂಲೆ ತಲೆಗೆ ಬಡಿದಿತ್ತು. "ತಕ್ಷಣ ಹೋಗಿಬಿಟ್ಟಿದ್ದಾರೆ, ನೋವು ತಿಂದಿಲ್ಲ ಅಂದ್ರು ಡಾಕ್ಟ್ರು," ಎಂದಳು ಅಣ್ಣನ ಮಗಳು, ಅವನ ಕಣ್ಣು ಸ್ಟೂಲಿನ ಮೇಲೆ ಇದ್ದುದನ್ನು ನೋಡಿ. "ಜೇಡರಬಲೆ ತೆಗೆಯೋಕೆ ಹತ್ತಿರಬೇಕು. ಅವರಿಗೆ ಎಲ್ಲಾ ಚೊಕ್ಕಟ ಆಗ್ಬೇಕು ನೋಡಿ. ಈ ವಯಸ್ಸಲ್ಲಿ ಯಾಕೆ ಬೇಕಿತ್ತು ಹೇಳಿ."

ಅವನು ಏಣಿ ಬಿಡಿಸಿ ಹತ್ತಿದ. ಹೀಗೇ ಹತ್ತಿದ್ದು, ಐದು ವಾರದ ಹಿಂದೆ, ಇದೇ ಜಾಗದಲ್ಲಿ. ಅವತ್ತು ಬೆಳಿಗ್ಗೆ ಸ್ಟೇಷನ್ನಿನಲ್ಲಿ ಫೋನೆತ್ತಿದ್ದು ಡ್ರೈವರ್. ರಿಸೀವರ್ ಮುಚ್ಚದೆಯೇ, "ಬ್ಯಾಟರೀ, ನಿನ್ನ ಅಜ್ಜಿ ಕಾಯ್ತಿದ್ದಾಳೆ, ತಲೆ ಬಾಚ್ಕೊಂಡು ಹೋಗಪ್ಪಾ," ಎಂದು ಕೂಗಿದ್ದ. ಗಾಡಿಶೆಡ್ಡಿಗೆ ಶೆಡ್ಡೇ ನಕ್ಕಿತು. ಅವನೂ ಹಲ್ಲು ಕಿರಿದ, ಒಳಗೆ ಕುದಿಯುತ್ತಿದ್ದ. ಐವತ್ತನಾಲ್ಕು ಮೆಟ್ಟಿಲಲ್ಲಿ ಮಂಡಿ ಸೂಜಿ ಚುಚ್ಚಿತು. ಏಣಿ ಹತ್ತಿ ಅಲಾರಮ್ಮಿನ ಮುಚ್ಚಳ ತೆಗೆದರೆ ಒಳಗಿದ್ದ ಬ್ಯಾಟರಿಯ ಮೈಮೇಲೆ ಆಗಲೇ ಕೆಂಪು ಅಡ್ಡಗೆರೆ. ಸೋಪು ಹಾಕಿ ಉಜ್ಜಿದ್ದರು, ಈ ಸಲ ಪೂರ್ತಿ ಹೋಗಿರಲಿಲ್ಲ, ಗುಲಾಬಿಯಾಗಿ ಉಳಿದಿತ್ತು. ಅವನೇ ಎಳೆದ ಗೆರೆ. ಒಂದೇ ಸತ್ತ ಬ್ಯಾಟರಿ; ಅದನ್ನೇ ಪ್ರತಿ ಸಲ ಹಾಕಿ, ಅದು ಕೀಚ್ ಅನ್ನುವಂತೆ ಮಾಡಿ, ಅವನನ್ನು ಕರೆಸಿದ್ದರು. ಆರು ತಿಂಗಳು. ಮೂರ್ಖನ ಹಾಗೆ ಹತ್ತಿದ್ದ, ಇಳಿದಿದ್ದ. "ಇದೇನಮ್ಮ?" ಎಂದು ಅದನ್ನು ಅವರ ಮುಖದ ಮುಂದೆ ಹಿಡಿದ. ಅವರ ಮುಖದಲ್ಲಿದ್ದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದರು. ಅದರಲ್ಲಿ ಪೇಪರಿನಲ್ಲಿ ಸುತ್ತಿಟ್ಟ ನಾಲ್ಕು ಹೊಸ ಬ್ಯಾಟರಿ. "ಒಂದನ್ನೂ ಹಾಳು ಮಾಡಿಲ್ಲಪ್ಪ. ಎಲ್ಲಾ ಹಾಗೇ ಇದೆ. ತಗೊಂಡು ಹೋಗು, ಬೇರೆಯೋರಿಗೆ ಆಗುತ್ತೆ." ಕಳ್ಳತನ ಸಿಕ್ಕಿಬಿದ್ದ ಮಗು ಕೂಡ ಅಷ್ಟು ಸಣ್ಣ ದನಿಯಲ್ಲಿ ಮಾತಾಡಲಿಕ್ಕಿಲ್ಲ. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. "ನಮಗೆ ಬೇರೆ ಕೆಲಸ ಇಲ್ವಾ? ಬೇರೆಯೋರು ಮಾಡಿದ್ರೆ ತಿಳೀದೆ ಮಾಡಿದ್ರು ಅನ್ಬಹುದು. ನೀವು ಆಪರೇಟರ್ ಆಗಿದ್ದೋರು. ಸುಳ್ಳು ಕರೆ ಅಂದ್ರೆ ಏನೂಂತ ನಿಮಗೆ ಗೊತ್ತಿಲ್ವಾ?" "ಗೊತ್ತಪ್ಪ," ಎಂದರು ಅವರು. ಅಷ್ಟೇ. ತಿರುಗಿ ಹೇಳಲಿಲ್ಲ, ಸರಿಯಾ ಎಂದು ಕೇಳಲಿಲ್ಲ.

ಚೀಲದಲ್ಲಿ ಹೊಸ ಮಾದರಿಯ ಒಂದು ಅಲಾರಂ ಇತ್ತು. ಬ್ಯಾಟರಿ ಒಳಗೇ ಸೇರಿಸಿ ಮುಚ್ಚಿಬಿಟ್ಟಿರುತ್ತಾರೆ, ಬಿಚ್ಚಲು ಬಾಗಿಲಿಲ್ಲ, ಹತ್ತು ವರ್ಷ ಬಾಳುತ್ತದೆ. ಅದನ್ನು ಹಾಕಿದ. ಸತ್ತ ಬ್ಯಾಟರಿಯನ್ನು ಮೇಜಿನ ಮೇಲೆ ಕುಕ್ಕಿದ. "ಇನ್ನು ಹತ್ತು ವರ್ಷ ಇದರ ತಂಟೆಗೆ ನೀವು ಹೋಗೋ ಹಾಗೇ ಇಲ್ಲ," ಎಂದ, ಏನೋ ಗೆದ್ದವನ ಹಾಗೆ. ಮೇಜಿನ ಮೇಲೆ ಎರಡು ಲೋಟ ಚಹಾ ಕೆನೆಗಟ್ಟಿತು. ಅವನು ಮುಟ್ಟಲಿಲ್ಲ. ಹಾಳೆಯ ಮುಂಬದಿ ತುಂಬಿಸಿ ಸಹಿ ಹಾಕಿಸಿಕೊಂಡ; ಹಿಂಬದಿ ತಿರುವಲಿಲ್ಲ. ತಿರುವಿದ್ದರೆ ಎರಡನೆಯ ಪ್ರಶ್ನೆಯಲ್ಲಾದರೂ ಹೊಳೆಯುತ್ತಿತ್ತೋ ಏನೋ, ಎಪ್ಪತ್ತನಾಲ್ಕು ವರ್ಷದ ಹೆಂಗಸು ಚಾವಣಿಯ ಬ್ಯಾಟರಿಯನ್ನು ಹೇಗೆ ಬದಲಾಯಿಸುತ್ತಿದ್ದಾರೆ, ಯಾವುದರ ಮೇಲೆ ಹತ್ತಿ. ಅದನ್ನು ಕೇಳುವುದೇ ಅವನ ಕೆಲಸ. ಊರಿನ ಎಲ್ಲ ಮನೆಯಲ್ಲಿ ಕೇಳುತ್ತಿದ್ದ: ಅಜ್ಜಾ, ಕುರ್ಚಿ ಮೇಲೆಲ್ಲ ಹತ್ತಬೇಡಿ, ಅಮ್ಮಾ, ಈ ಕಾಲೊರಸು ಜಾರುತ್ತೆ ತೆಗೀರಿ. ಅವತ್ತು ಅವನಿಗೆ ಮೋಸ ಕಂಡಿತು, ಸ್ಟೂಲು ಕಾಣಲಿಲ್ಲ.

ಈಗಲೂ ಅಲಾರಮ್ಮಿನ ಹಸಿರು ದೀಪ ಕಣ್ಣು ಮಿಟುಕಿಸುತ್ತಿತ್ತು. ಎಲ್ಲ ಸರಿಯಾಗಿದೆ ಎಂಬುದರ ಗುರುತು. ಅಲಾರಮ್ಮನ್ನು ತಿರುಗಿಸಲು ಕೈ ಇಟ್ಟವನು ಹಾಗೇ ನಿಂತ. ಬಿಳಿಯ ಪ್ಲಾಸ್ಟಿಕ್ಕಿನ ಅಂಚಿನಲ್ಲಿ, ಎರಡು ಭಾಗ ಕೂಡುವ ಸಂದಿನ ಉದ್ದಕ್ಕೂ, ಗೀರುಗಳು. ಒಂದೆರಡಲ್ಲ. ಒಂದು ಕಡೆಯಿಂದ ಶುರುವಾಗಿ ಸುತ್ತಲೂ, ಅಡುಗೆಮನೆಯ ಚಾಕುವಿನ ತುದಿಯಿಂದ ಬಾಗಿಲು ಹುಡುಕಿದ ಗೀರುಗಳು. ಮುಕ್ಕಾಲು ಸುತ್ತು ಬಂದು ಒಂದು ಕಡೆ ಸರ್ರನೆ ಉದ್ದಕ್ಕೆ ಜಾರಿ ಚಾವಣಿಯ ಸುಣ್ಣದ ಮೇಲೆ ಗೆರೆ ಎಳೆದು ನಿಂತಿದ್ದವು. ಜೇಡರಬಲೆಯಲ್ಲ. ಯಾರಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ. ಇದನ್ನು ಓದಬಲ್ಲವನು ಊರಲ್ಲಿ ಅವನೊಬ್ಬನೇ. ಏಣಿಯ ಮೇಲೆ ನಿಂತು ಅವನು ಚಾವಣಿಗೆ ಹಣೆ ಆನಿಸಿದ. ಬಾಗಿಲೇ ಇಲ್ಲ ಕಣಮ್ಮ ಅದಕ್ಕೆ, ಎಂದುಕೊಂಡ. ಹೇಳಿದ್ದೆನಲ್ಲ.

"ಬಿಗಿಯಾಗಿದೆಯಾ? ಸುತ್ತಿಗೆ ಕೊಡ್ಲಾ?" ಕೆಳಗಿನಿಂದ ಕೇಳಿದಳು ಅವಳು. ಬೇಡ ಎಂದು ಅಲಾರಮ್ಮನ್ನು ಕಿತ್ತುಕೊಂಡು ಇಳಿದ. ಅವಳು ಪರ್ಸಿನಿಂದ ಒಂದು ಪ್ಲಾಸ್ಟಿಕ್ ಲಕೋಟೆ ತೆಗೆದು ಅವನ ಮುಂದೆ ಹಿಡಿದಳು. "ಇದು ಅವರ ಗೌನಿನ ಜೇಬಲ್ಲಿತ್ತಂತೆ. ಆಸ್ಪತ್ರೆಯೋರು ಕನ್ನಡಕದ ಜೊತೆ ಕೊಟ್ರು. ನಿಮ್ಮದಿರಬೇಕು ಅನ್ನಿಸ್ತು." ಚೌಕಾಕಾರದ ಬ್ಯಾಟರಿ, ಮೈಮೇಲೆ ಮಾಸಿದ ಗುಲಾಬಿ ಗೆರೆ. ಅವನು ಅದನ್ನು ತೆಗೆದುಕೊಂಡು ಮುಷ್ಟಿ ಮುಚ್ಚಿದ. ಅವಳು ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟಳು, ಇಡೀ ಬೆಳಗಿನ ದಣಿವು ಒಮ್ಮೆಲೇ ಬಂದಂತೆ. "ನಾನು ಬಂದು ಎಂಟು ತಿಂಗಳಾಗಿತ್ತು. ನಾಲ್ಕು ಗಂಟೆ ದಾರಿ ಅಷ್ಟೇ. ಎಂಟು ತಿಂಗಳು." ಪೇಪರಿನ ಒಂದು ತುಂಡನ್ನು ಮಡಚುತ್ತ, ಬಿಡಿಸುತ್ತ ಹೇಳಿದಳು: "ಒಂದು ಕೇಳ್ತೀನಿ. ಕೊನೇಲಿ ಅವರನ್ನ ನೋಡಿದೋರು ನೀವು. ಅವರು ಚೆನ್ನಾಗಿದ್ರು ಅಲ್ವಾ? ಬೇಜಾರಾಗಿ ಏನೂ ಇರ್ಲಿಲ್ಲ ಅಲ್ವಾ? ಅಷ್ಟು ಹೇಳಿಬಿಡಿ, ನಾನು ಮನೆಗೆ ಹೋಗಿ ನಿದ್ದೆ ಮಾಡ್ತೀನಿ."

ಚೆನ್ನಾಗಿದ್ದರು ಎನ್ನಲು ಎಷ್ಟು ಹೊತ್ತು? ಬಾಯಿಯಲ್ಲಿ ಆಗಲೇ ಬಂದಿತ್ತು. 'ಉಳೀತಮ್ಮ' ಎಂದಷ್ಟೇ ಸುಲಭವಾಗಿ ಬಂದಿತ್ತು. ಇವಳಿಗೆ ನಿದ್ದೆ, ಅವನಿಗೆ ನೌಕರಿ, ಸಾಹೇಬರಿಗೆ ನೆಮ್ಮದಿ. ಯಾವ ಪೇಪರಿನಲ್ಲೂ ಬರುವುದಿಲ್ಲ. ಆದರೆ ಆಪರೇಟರಮ್ಮ ಆ ಸುಳ್ಳನ್ನು ನಂಬದೆಯೇ ಚಹಾ ಬಗ್ಗಿಸಿದ್ದರು, ಒಂದು ತಿಂಗಳು ಅದನ್ನು ಒಬ್ಬರೇ ಇಟ್ಟುಕೊಂಡಿದ್ದರು, ಆಮೇಲೂ ಅವನ ಮನಸ್ಸು ನೋಯದ ಹಾಗೆ ಹೇಳಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ತಾನು ಯಾರಿಗೂ ಆಮೇಲೆ ಏನಾಯಿತೆಂದು ನಿಜ ಹೇಳಿಲ್ಲ ಎಂದು ಅವನಿಗೆ ಅನ್ನಿಸಿತು. "ಇಲ್ಲಮ್ಮ," ಎಂದ. ನಿಂತೇ ಹೇಳಿದ. ಬ್ಯಾಟರಿಯ ಕಥೆ, ಡಬ್ಬಿಯ ಕಥೆ, ತಾನು ಅಂದ ಮಾತು ಅಂದ ಹಾಗೇ. ಅಲಾರಮ್ಮನ್ನು ತಿರುವಿ ಗೀರುಗಳನ್ನು ತೋರಿಸಿದ. ಅವಳು ಬೆರಳಿನಿಂದ ಅವನ್ನು ಮುಟ್ಟಿ ನೋಡಿದಳು, ಒಂದು ಸುತ್ತು, ಗೀರು ನಿಂತ ಕಡೆ ನಿಂತಳು.

ಬೈದರೆ ಬೈಯಲಿ ಎಂದು ಕಾಯುತ್ತಿದ್ದ. ಅವಳು ಬೈಯಲಿಲ್ಲ. "ನಂಗೂ ಫೋನ್ ಮಾಡ್ತಿದ್ರು," ಎಂದಳು ಪೆಟ್ಟಿಗೆಗಳ ಕಡೆ ನೋಡುತ್ತ. "ಟೀವಿ ಸರಿಯಾಗಿ ಬರ್ತಿಲ್ಲ ಕಣೇ, ಬಂದು ಒಂದು ಸಲ ನೋಡು ಅಂತ. ನಾನು ಹೊಸ ಟೀವಿ ಕಳಿಸಿಬಿಟ್ಟೆ. ದೊಡ್ಡದು. ನೋಡಿ, ಅಲ್ಲಿದೆ. ಪ್ಲಾಸ್ಟಿಕ್ ಕೂಡ ತೆಗೆದಿಲ್ಲ." ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅವನು ಒಂದು ಹೆಜ್ಜೆ ಮುಂದಿಟ್ಟ. "ಯಾಕ್ರಿ ಹೇಳಿದ್ರಿ ನಂಗೆ?" ಎಂದಳು ಕೈ ತೆಗೆಯದೆ. "ಹೋಗಿ. ದಯವಿಟ್ಟು ಹೋಗಿ ನೀವು." ಏಣಿ ಮಡಚುವಾಗ ಅದು ಕಿರ್ರೆಂದು ಸದ್ದು ಮಾಡಿತು, ಅಷ್ಟು ದೊಡ್ಡ ಸದ್ದನ್ನು ಆ ಮನೆಯಲ್ಲಿ ಅವನು ಯಾವತ್ತೂ ಕೇಳಿರಲಿಲ್ಲ.

ಸ್ಟೇಷನ್ನಿಗೆ ಬಂದಾಗ ಗಾಡಿ ಹೊರಗೆ ಹೋಗಿತ್ತು, ಶೆಡ್ಡು ಖಾಲಿ, ನೆಲದ ಮೇಲೆ ತೊಳೆದ ನೀರು ಇನ್ನೂ ಆರಿರಲಿಲ್ಲ. ತನ್ನ ಕೋಣೆಗೆ ಹೋಗಿ ಪೆನ್ನಿನ ಮುಚ್ಚಳ ತೆಗೆದ. ಹಿಂಬದಿಯ ಮೇಲ್ತುದಿಯಲ್ಲಿ ಇವತ್ತಿನ ತಾರೀಖು ಬರೆದ. ಒಬ್ಬರೇ ಇರುತ್ತಾರೆಯೇ: ಹೌದು, ಒಬ್ಬರೇ ಇದ್ದರು. ಮನೆಯೊಳಗೆ ಬಿದ್ದಿದ್ದಾರೆಯೇ: ಹೌದು. ಹೇಗೆ ಎಂಬ ಪುಟ್ಟ ಜಾಗದಲ್ಲಿ ಹಿಡಿಸುವಷ್ಟು ಬರೆದು, ಉಳಿದದ್ದನ್ನು ಅಂಚಿನ ಉದ್ದಕ್ಕೂ ಬರೆದ, ಚಾಕುವಿನ ಗೀರಿನ ವಿಷಯ, ತಾನು ಕೇಳದೇ ಹೋದ ವಿಷಯ. ಕಳೆದ ವಾರ ಮನೆಗೆ ಯಾರು ಬಂದಿದ್ದರು: ಯಾರೂ ಇಲ್ಲ. ಅದರ ಹಿಂದಿನ ವಾರ: ಯಾರೂ ಇಲ್ಲ. ಬೇರೆ ಏನಾದರೂ ಬೇಕಿದೆಯೇ ಎಂಬ ಒಂಬತ್ತನೆಯ ಪ್ರಶ್ನೆಯ ಮುಂದೆ ಪೆನ್ನು ನಿಂತಿತು. ಮಂಗಳವಾರ ಹನ್ನೊಂದು ಗಂಟೆಗೆ ಯಾರಾದರೂ ಬರಬೇಕಿತ್ತು, ಎಂದು ಬರೆದ. ಯಾವಾಗ ಬಂದು ನಿಂತಿದ್ದರೋ, ಸಾಹೇಬರು ಹಿಂದಿನಿಂದ ಬಗ್ಗಿ ಓದುತ್ತಿದ್ದರು. ಓದಿ ಮುಗಿಸಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಹೀಗೆ ಬರೆದ್ರೆ ನಿಮಗೇ ಕುತ್ತು ಕಣ್ರಿ, ಗೊತ್ತಾ?" "ಗೊತ್ತು ಸಾರ್," ಎಂದ. ಹೇಳಿದ ಮೇಲೆ ಆ ದನಿ ಎಲ್ಲಿ ಕೇಳಿದ್ದೆಂದು ನೆನಪಾಯಿತು. ಸಾಹೇಬರು ಅವನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಹೊರಗೆ ಹೋದರು.

ಶಾಯಿ ಒಣಗಲೆಂದು ಸ್ವಲ್ಪ ಹೊತ್ತು ಬಿಟ್ಟು ಹಾಳೆಯನ್ನು ತಿರುವಿದ. ಮುಂಬದಿಯ ಕೊನೆಯ ಸಾಲು ಅವನದೇ ಅವಸರದ ಕೈಬರಹ. ಹಿಂಬದಿ ತುಂಬಿದ್ದರೆ ಅಲ್ಲಿ 'ಒಂದು ತಿಂಗಳು' ಎಂದಿರುತ್ತಿತ್ತು. ಅದು ಖಾಲಿ ಇದ್ದುದರಿಂದ ಅಲಾರಮ್ಮಿನ ಆಯುಷ್ಯವನ್ನೇ ಬರೆದಿದ್ದ. ಮುಂದಿನ ಭೇಟಿ: ಹತ್ತು ವರ್ಷದ ನಂತರ. ಕೆಳಗೆ ಅವರ ಸಹಿ, ಮೂವತ್ತು ವರ್ಷ ಕರೆಗಳ ಪುಸ್ತಕದಲ್ಲಿ ಬರೆದ ಕೈಯ ನೆಟ್ಟನೆಯ ದುಂಡನೆಯ ಅಕ್ಷರ. ಸಹಿ ಹಾಕುವ ಮೊದಲು ಕನ್ನಡಕ ಹುಡುಕಿ ತಂದಿದ್ದರು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ದೂರದ ಬೀದಿಯ ಯಾರದೋ ವಿಳಾಸವನ್ನು ತಪ್ಪಿಲ್ಲದೆ ಒಪ್ಪಿಸುವವರ ಹಾಗೆ ಓದಿದ್ದರು. "ಮುಂದಿನ ಭೇಟಿ, ಹತ್ತು ವರ್ಷದ ನಂತರ. ಸರಿಯಾ?" ಎಂದು ಕೇಳಿದ್ದರು. ಅವನು ಏಣಿ ಮಡಚುತ್ತಿದ್ದ. ತಲೆ ಎತ್ತದೆಯೇ, ಸರಿ ಎಂದಿದ್ದ.